ಕೂತಿದ್ದವನ ದೂರ

ಹಿಮಬೆಟ್ಟಗಳ ನಡುವಿನ ಗೋಜಾಲ್ ಸೀಮೆಯಲ್ಲಿ ತೋಯ್ಗುನ್ ಷಾನಷ್ಟು ಜಂಬದ ಮನುಷ್ಯ ಇನ್ನೊಬ್ಬನಿರಲಿಲ್ಲ. ಜಂಬಪಡಲು ಅವನಿಗೆ ಹೇಳಿಕೊಳ್ಳುವಂಥ ಹೊಲವಿರಲಿಲ್ಲ, ಯಾಕ್ ಮಂದೆಯೂ ಅಷ್ಟಕ್ಕಷ್ಟೆ. ಇದ್ದದ್ದು ಕೊರಳಲ್ಲಿ ನೇತಾಡುವ ಒಂದು ಲೇಸರ್ ದುರ್ಬೀನು. ಚಳಿಗಾಲದಲ್ಲಿ ಸರ್ಕಾರದ ಪರವಾನಗಿ ಹಿಡಿದು ಬೆಟ್ಟದ ಹೋತದ ಬೇಟೆಗೆ ಬರುವ ಅತಿಥಿಗಳ ಪಕ್ಕದಲ್ಲಿ ಬೋರಲು ಮಲಗಿ, ಕಣಿವೆಯ ಆಚೆ ನಿಂತ ಹೋತ ಎಷ್ಟು ಮೀಟರ್ ದೂರದಲ್ಲಿದೆ ಎಂದು ಹೇಳುವುದು ಅವನ ಕೆಲಸ. ಬಂದೂಕು ಅತಿಥಿಯದು, ಕೊಂಬು ಅತಿಥಿಯದು, ಮಾಂಸ ಊರಿನದು. ಅಂಕಿ ಮಾತ್ರ ತನ್ನದು ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೋತ ಬಿದ್ದರೆ ಅದು ಅಂಕಿಯ ಮಹಿಮೆ. ಬೀಳದಿದ್ದರೆ ಅತಿಥಿಯ ಕೈ ನಡುಗಿತ್ತು, ಅಷ್ಟೆ.

ಊರಿನವರು ಸುಮ್ಮನೆ ಬಿಡುವವರೇ? ಯಾರ ಮನೆಯಲ್ಲಾದರೂ ಹೆಣ್ಣು ಕೊಡುವ ಮಾತು ಬಂದರೆ, "ಗಂಡಿನ ಮನೆ ಎಷ್ಟು ದೂರ ಅಂತ ತೋಯ್ಗುನ್‌ನ ಕೇಳ್ರಪ್ಪ, ಗಾಳಿ ಯಾವ ಕಡೆಯಿಂದ ಬೀಸ್ತಿದೆ ಅಂತಾನೂ ಹೇಳ್ತಾನೆ" ಎಂದು ಕಿಚಾಯಿಸುತ್ತಿದ್ದರು. ಅವನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಕೆಲಸದಲ್ಲಿ ಮಾತ್ರ ಅವನು ಅಚ್ಚುಕಟ್ಟು. ಹೋತದ ಮೈಕೂದಲು ಬೆಳಕನ್ನು ಸರಿಯಾಗಿ ವಾಪಸು ಕೊಡುವುದಿಲ್ಲ; ಹಾಗಾಗಿ ದುರ್ಬೀನಿನ ಕೆಂಪು ಚುಕ್ಕೆಯನ್ನು ಹೋತದ ಪಕ್ಕದ ಬಂಡೆಯ ಮೇಲಿಟ್ಟು ಗುಂಡಿ ಒತ್ತುತ್ತಿದ್ದ. ಉಸಿರು ಬಿಗಿಹಿಡಿದು ಮೂರು ಸಲ ಒತ್ತಬೇಕು, ಮೂರು ಸಲವೂ ಒಂದೇ ಅಂಕಿ ಬರಬೇಕು. ಹಿಮದ ಪುಡಿ ಹಾರುತ್ತಿದ್ದರೆ ಬೆಳಕು ನಡುದಾರಿಯಲ್ಲೇ ತಿರುಗಿ ಬಂದು ಸುಳ್ಳು ಹೇಳುತ್ತದೆ. ಅಂಥ ದಿನ ಅವನು ಬಾಯಿಯನ್ನೇ ಬಿಡುತ್ತಿರಲಿಲ್ಲ.

ಒಂದು ಕಟ್ಟುಪಾಡನ್ನು ಮಾತ್ರ ಅವನು ಯಾವತ್ತೂ ಮೀರಿದವನಲ್ಲ. ಅತಿಥಿಗಳು ತಮಾಷೆಗೆಂದು ಹೊಳೆಯ ಆಚೆ ನಡೆಯುವ ಹೆಂಗಸರತ್ತ, ಕುರಿ ಕಾಯುವವರತ್ತ ದುರ್ಬೀನು ತಿರುಗಿಸಿದರೆ ಅಂಗೈ ಅಡ್ಡ ಹಿಡಿದುಬಿಡುತ್ತಿದ್ದ. ಆ ಕಣಿವೆಯಲ್ಲಿ ಮನುಷ್ಯನನ್ನು ಅಳೆಯುವುದು ಒಂದೇ ಸಲ. ಅವನು ತಾನಾಗಿ ಎದ್ದು ನಿಲ್ಲಲಾರದ ದಿನ, ನೆತ್ತಿಯಿಂದ ಹಿಮ್ಮಡಿವರೆಗೆ ದಾರ ಹಿಡಿದು ಅಳೆಯುತ್ತಾರೆ. ಆ ದಾರದ ಉದ್ದಕ್ಕೆ ಗುಂಡಿ ತೋಡುತ್ತಾರೆ. ಬದುಕಿರುವವನನ್ನು ಅಳೆದರೆ ಮಣ್ಣಿಗೆ ಮುಂಗಡ ಕೊಟ್ಟ ಹಾಗೆ ಎಂದು ಹಳಬರು ಹೇಳುತ್ತಿದ್ದರು. ಕೈತಪ್ಪಿ ಅಳೆದರೂ ಆ ಮಾತನ್ನು ಅಳೆಸಿಕೊಂಡವನ ಕಿವಿಗೆ ಹಾಕಬಾರದು. ಹಾಕಿದರೆ ಅವನ ಕಥೆ ಅಲ್ಲಿಗೆ ಮುಗಿಯಿತು.

ಸತ್ತ ಮೇಲೂ ಅಳೆಯದೆ ಉಳಿದವನು ಊರಿನಲ್ಲಿ ಒಬ್ಬನೇ, ತೋಯ್ಗುನ್‌ನ ಭಾವ ದೋದಿಖುದೋ. ತಾನಾಯಿತು ತನ್ನ ಕೆಲಸವಾಯಿತು ಎನ್ನುವ ಜನರ ನಡುವೆ ಅವನೊಬ್ಬ ವಿಚಿತ್ರ ಪ್ರಾಣಿ. ನೀರು ಕಟ್ಟುವ ಸರದಿ ಯಾರದೇ ಇರಲಿ, ಮಂದೆ ಕಾಯುವ ಸರದಿ ಯಾರದೇ ಇರಲಿ, ಅವರ ಮನೆಯಲ್ಲಿ ಕೆಮ್ಮಿನ ಸದ್ದು ಕೇಳಿದರೆ ಸಾಕು, "ಇವತ್ತು ನಾನು ಹೋಗ್ತೀನಿ ಬಿಡು" ಎಂದು ಎದ್ದುಬಿಡುತ್ತಿದ್ದ. ಒಂಬತ್ತು ಚಳಿಗಾಲದ ಹಿಂದೆ, ಗುಂಡು ತಗುಲಿ ತಪ್ಪಿಸಿಕೊಂಡ ಒಂದು ಹೋತದ ಹಿಂದೆ ಹೊಳೆಯಾಚೆಯ ಬೂದಿ ಇಳಿಜಾರಿಗೆ ಹೋಗಬೇಕಾದ ಸರದಿ ತೋಯ್ಗುನ್‌ನದಾಗಿತ್ತು. "ನಿನ್ನ ಬೂಟಿನ ಅಟ್ಟೆ ಬಾಯಿಬಿಟ್ಟಿದೆ ನೋಡೋ, ಕೂತ್ಕೊ" ಎಂದು ಹೇಳಿ ಭಾವ ತಾನೇ ಹೋದ. ಮಧ್ಯಾಹ್ನ ಇಡೀ ಇಳಿಜಾರಿನ ಹಿಮ ಗುಡುಗಿಕೊಂಡು ಹೊಳೆಗೆ ಇಳಿಯಿತು. ಹೊಳೆಯ ದಂಡೆಯಲ್ಲಿ ಹಿಮ ಕರಗುವವರೆಗೂ ಅಗೆದರು. ಒಂದು ಕೈಗವಸು ಕೂಡ ಸಿಗಲಿಲ್ಲ. ಅವನ ಹೆಂಡತಿ, ತೋಯ್ಗುನ್‌ನ ಅಕ್ಕ ಗುಲ್‌ಸಂಬರ್, ಮನೆಯ ಕಂಬದ ಸಂದಿಯಲ್ಲಿ ಕೆಂಪು ಉಣ್ಣೆಯ ಒಂದು ಉಂಡೆ ಇಟ್ಟುಕೊಂಡು ಕಾಯುತ್ತಿದ್ದಳು. ಎಂದಾದರೂ ಸಿಕ್ಕರೆ ಅಳೆಯಲು ಬೇಕಲ್ಲ.

ಅವಳ ಮಗ ಇನಾಯತ್ ಈಗ ಇಪ್ಪತ್ತಾರರ ಗಂಡಸು, ಮಾವನ ಜೊತೆಯಲ್ಲೇ ಬೇಟೆಯ ಕೆಲಸಕ್ಕೆ ಹೋಗುತ್ತಿದ್ದ. ತಲೆಯ ಮೇಲೆ ತಾಯಿ ಹೆಣೆದ ಕೆಂಪು ಟೋಪಿ. ಅರ್ಧ ಕಣಿವೆಯಾಚೆಯಿಂದಲೂ ಗುರುತು ಸಿಗುವ ಟೋಪಿ ಅದು.

ಆ ವರ್ಷ ಹಿಮ ಕಡಿಮೆ. ಲಾಹೋರಿನಿಂದ ರಾಣಾ ಸಾಹೇಬರು ಎಂಬ ಮರದ ವ್ಯಾಪಾರಿ ಬಂದಿದ್ದರು. ಒಳ್ಳೆಯ ಮನುಷ್ಯ, ಆದರೆ ಏದುಸಿರು ಬಿಡುತ್ತಾ ಮಾತಾಡುವುದು ಜಾಸ್ತಿ. ಇನಾಯತ್ ನಸುಕಿನಲ್ಲೇ ತನ್ನ ಮನೆಯಿಂದ ಒಬ್ಬನೇ ಹೊರಟು ಬೂದಿ ಇಳಿಜಾರಿನ ಬದಿಯಿಂದ ಮೇಲೇರಿ ಹೋತಗಳ ಮಂದೆ ಆಚೆ ದಾಟದಂತೆ ಕಾಯಬೇಕು. ತೋಯ್ಗುನ್ ಸಾಹೇಬರನ್ನು ಈಚೆ ಕಡೆಯ 'ಅಜ್ಜನ ಮೊಣಕೈ' ಎಂಬ ಬಂಡೆಗೆ ಕರೆತರಬೇಕು ಎಂದು ಮಾತಾಗಿತ್ತು. ಎಲ್ಲ ಹಾಗೇ ನಡೆಯಿತು. ಬಿಸಿಲು ಬಿದ್ದ ಹೊತ್ತಿಗೆ ಎದುರಿನ ಬೂದಿ ಇಳಿಜಾರಿನಲ್ಲಿ ಮಂದೆ ಕಾಣಿಸಿತು. ಅದರ ನಡುವೆ ಬೆನ್ನ ಮೇಲೆ ಬಾಗಿದ ಕೊಂಬಿನ ಮುದಿ ಹೋತ.

ಗಾಳಿ ಸತ್ತಂತೆ ನಿಂತಿತ್ತು. ತೋಯ್ಗುನ್ ಹೋತದ ಪಕ್ಕದಲ್ಲಿದ್ದ ಒಂದು ಮೊಟುಕು ಬಂಡೆಯ ಮೇಲೆ ಚುಕ್ಕೆ ಇಟ್ಟು ಒತ್ತಿದ. ಆರುನೂರ ಹನ್ನೆರಡು. ಇನ್ನೊಮ್ಮೆ ಒತ್ತಿದ. ಆರುನೂರ ಹನ್ನೆರಡು. ಮೂರನೆಯ ಸಲ ಒತ್ತಿದ.

ಬಂಡೆ ತಲೆಯೆತ್ತಿತು.

ಮಂಡಿಯ ಮೇಲೆ ಕೈಯಿಟ್ಟು ಕೂತ ಮನುಷ್ಯ. ತಲೆಯ ಮೇಲೆ ಕೆಂಪು. ಪಕ್ಕದಲ್ಲೇ ಮೇಯುತ್ತಿದ್ದ ಹೋತ ಅವನನ್ನು ನೋಡಿ ಬೆದರಲೂ ಇಲ್ಲ. ದುರ್ಬೀನಿನೊಳಗೆ ಅಂಕಿ ಆ ಕೆಂಪಿನ ಕೆಳಗೇ, ಸರಿಯಾಗಿ ಎದೆಯ ಮೇಲೆ ಉರಿಯುತ್ತಿತ್ತು. ಇನಾಯತ್, ಎಂದುಕೊಂಡ ತೋಯ್ಗುನ್.

"ಎಷ್ಟಪ್ಪಾ?" ರಾಣಾ ಸಾಹೇಬರು ಪಿಸುಗುಟ್ಟಿದರು.

ತೋಯ್ಗುನ್ ಗುಂಡಿಯಿಂದ ಬೆರಳು ತೆಗೆದ.

"ಅಯ್ಯೋ ಮಾರಾಯ, ಅಂಕಿ ಹೇಳು! ಹೋತ ನಿಂತಿದೆ!"

"ಬೇಡ ಸಾಹೇಬ್ರೆ. ಬೆರಳು ತೆಗೀರಿ. ಅಲ್ಲಿ ಮನುಷ್ಯ ಇದಾನೆ."

ಸಾಹೇಬರು ಬಂದೂಕಿನ ದುರ್ಬೀನಿನಲ್ಲಿ ಕಣ್ಣು ಕೀಲಿಸಿ ಹುಡುಕಿದರು. "ಎಲ್ಲಿ? ನನಗೆ ಬರೀ ಕಲ್ಲು ಕಾಣ್ತಿದೆ."

ತೋಯ್ಗುನ್ ಮತ್ತೆ ನೋಡಿದ. ಬಂಡೆ ಬಂಡೆಯಾಗಿತ್ತು. ಅಂಥ ಬಂಡೆಗಳು ಆ ಇಳಿಜಾರಿನಲ್ಲಿ ಎಷ್ಟಿದ್ದವೋ, ಯಾವುದು ಅದು ಎಂದು ಕೂಡ ಈಗ ಗೊತ್ತಾಗಲಿಲ್ಲ. ಮಂದೆ ಅವಸರವಿಲ್ಲದೆ, ಯಾರೋ ಕರೆದಂತೆ, ಒಂದರ ಹಿಂದೊಂದು ನಡೆದು ಬಂಡೆಗಳ ಮರೆಗೆ ಹೋಯಿತು.

ಇಳಿಸಂಜೆಗೆ ಇನಾಯತ್ ಇಳಿದು ಬಂದ. ಕಪ್ಪು ಶಾಲನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡಿದ್ದ. "ಏನ್ ಮಾವ, ಮಂದೆ ಅಷ್ಟು ಹೊತ್ತು ನಿಂತಿತ್ತಲ್ಲ, ನಿದ್ದೆ ಮಾಡ್ತಿದ್ರಾ ಇಬ್ರೂ?" ತೋಯ್ಗುನ್ ಅವನ ಮುಖ ನೋಡಲಿಲ್ಲ. ಎಲ್ಲಿ ಕೂತಿದ್ದೆ ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಎಲ್ಲ ತಿಳಿಯುತ್ತಿತ್ತು. ಆದರೆ ಕೇಳಿದರೆ ಅವನು ಏಕೆ ಎನ್ನುತ್ತಾನೆ. ಏಕೆ ಎಂದರೆ ಹೇಳಬೇಕಾಗುತ್ತದೆ. ಬಾಯಿಗೆ ಬೀಗ ಹಾಕಿಕೊಂಡ. ಆ ಕಣಿವೆಯವನಲ್ಲದ ಯಾರೇ ಆಗಿದ್ದರೂ ಕೇಳಿಬಿಡುತ್ತಿದ್ದರು.

ಮಾರನೆಯ ದಿನದಿಂದ ಸೋದರಳಿಯನನ್ನು ಬೆಟ್ಟಕ್ಕೆ ಬಿಡದಿರುವುದೇ ಅವನ ಕೆಲಸವಾಯಿತು. ಒಮ್ಮೆ ಯಾಕ್‌ಗೆ ಹೊಟ್ಟೆ ಉಬ್ಬರಿಸಿದೆ ಎಂದ. ಒಮ್ಮೆ ಸಾಹೇಬರಿಗೆ ಒಬ್ಬ ಜೊತೆಗಾರ ಸಾಕಂತೆ ಎಂದ. ಇನಾಯತ್ ಕೋಪದಿಂದ ಕುದಿದ. "ಕೊಂಬಿನ ಜೊತೆ ಫೋಟೋ ನಿಂಗೊಬ್ಬನಿಗೇ ಬೇಕಲ್ವಾ ಮಾವ? ಹೇಳ್ಬಿಡು, ನಾನು ಮನೇಲಿ ಕೂತು ರೊಟ್ಟಿ ಬಡಿತೀನಿ!" "ಬಡಿ! ಮನೇಲಿದ್ದು ಸಾಯಿ!" ಎಂದುಬಿಟ್ಟ ತೋಯ್ಗುನ್. ಬಾಯಿಂದ ಆ ಮಾತು ಬಿದ್ದದ್ದೇ ತಡ, ನಾಲಿಗೆ ಕಚ್ಚಿಕೊಂಡು ಹೊರಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತ.

ರಾಣಾ ಸಾಹೇಬರಿಗೆ ಇನ್ನೊಂದು ಕೊರಕಲಿನಲ್ಲಿ ಹೋತ ಸಿಕ್ಕಿತು. ಕೊಂಬು ಹೊತ್ತು ಖುಷಿಯಾಗಿ ಹೋದರು. ತೋಯ್ಗುನ್ ಆ ಸಲ ಅಂಕಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿಯೇ ಅಕ್ಕನಿಗೆ ಅನುಮಾನ ಬಂದದ್ದು.

ಗುಲ್‌ಸಂಬರ್ ಅವನನ್ನು ಕರೆಸಿ ಒಲೆಯ ಪಕ್ಕ ಕೂರಿಸಿದಳು. ಉಪ್ಪು ಚಹಾ ಬಟ್ಟಲಿಗೆ ಸುರಿದು ಬೆಣ್ಣೆ ಹಾಕಿದಳು. ಮಗ ಹೊರಗೆ ಸೌದೆ ಸೀಳುವ ಸದ್ದು ಬರುತ್ತಿತ್ತು.

"ಏನಾಗಿದ್ಯೋ ನಿಂಗೆ? ಜಂಬ ಕೊಚ್ಚದ ತೋಯ್ಗುನ್‌ನ ನೀನು ಹುಟ್ಟಿದಾಗಿಂದ ನಾನು ನೋಡಿಲ್ಲ."

"ಏನಿಲ್ಲ ಅಕ್ಕ."

"ಏನಿಲ್ಲ ಅಂದ್ರೆ ಚಹಾ ಕುಡಿ. ಆರ್ತಾ ಇದೆ."

ಅವನ ಕಟ್ಟೆ ಒಡೆಯಿತು. ಅಳುತ್ತಲೇ ಎಲ್ಲ ಹೇಳಿದ. ಬಂಡೆ, ಅಂಕಿ, ಎತ್ತಿದ ತಲೆ. "ಅಳೆದ್ಬಿಟ್ಟೆ ಅಕ್ಕಾ. ನಿನ್ನ ಮಗನ್ನ ನನ್ನ ಕೈಯಾರೆ ಅಳೆದ್ಬಿಟ್ಟೆ. ಕೆಂಪು ಟೋಪಿ ಹಾಕ್ಕೊಂಡು ಕೂತಿದ್ದ."

ಗುಲ್‌ಸಂಬರ್ ಎದೆ ಬಡಿದುಕೊಳ್ಳುತ್ತಾಳೆ, ಕೂದಲು ಕಿತ್ತುಕೊಳ್ಳುತ್ತಾಳೆ ಎಂದು ಅವನು ಕಾದ. ಅವಳು ಎದ್ದು ಹೋಗಿ ಕಂಬದ ಮೊಳೆಯಿಂದ ಏನನ್ನೋ ತೆಗೆದು ಅವನ ಮಡಿಲಿಗೆ ಹಾಕಿದಳು. ಕೆಂಪು ಟೋಪಿ. ಅಂಚು ಅರ್ಧ ಬಿಚ್ಚಿತ್ತು, ಸೂಜಿ ಇನ್ನೂ ಅದರಲ್ಲೇ ಚುಚ್ಚಿಕೊಂಡಿತ್ತು.

"ಅದರ ಹಿಂದಿನ ಸಂಜೆ ಒಲೆ ಕಿಡಿ ಹಾರಿ ಸುಟ್ಟಿತ್ತು. ಬಿಚ್ಚಿ ಹೆಣೀತೀನಿ ಅಂತ ನಾನೇ ಇಟ್ಕೊಂಡಿದ್ದೆ. ಅವನು ನನ್ನ ಶಾಲು ಸುತ್ಕೊಂಡು ಹೋದ. ಆವತ್ತಿಂದ ಇದು ಇಲ್ಲೇ ಇದೆ."

ತೋಯ್ಗುನ್ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೊದಲು ಬಂದದ್ದು ಹಿಡಿಸಲಾರದ ಸಂತೋಷ. ಹುಡುಗ ಉಳಿದ! ನಗಲು ಬಾಯಿ ತೆರೆದ. ಆಮೇಲೆ ಅಕ್ಕನ ಮುಖ ನೋಡಿ ಬಾಯಿ ಹಾಗೇ ನಿಂತಿತು.

"ಈ ಉಣ್ಣೇಲಿ ನಾನು ಹೆಣೆದಿದ್ದು ಎರಡೇ ಟೋಪಿ ಕಣೋ," ಎಂದಳು ಗುಲ್‌ಸಂಬರ್. "ಮೊದಲನೇದು ಅವರು ಹಾಕ್ಕೊಂಡು ಹೋದ್ರು."

ಹೊರಗೆ ಕೊಡಲಿಯ ಸದ್ದು ನಿಂತಿತ್ತು. ಬಾಗಿಲಲ್ಲಿ ಇನಾಯತ್ ಸೌದೆ ಹಿಡಿದು ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ, ಮುಖ ಬಿಳಿಚಿಕೊಂಡಿತ್ತು. "ಪರಿಗಳ ಆಟ ಇರಬಹುದು ಅಮ್ಮ," ಎಂದ ಮೆಲ್ಲಗೆ. ಬೆಟ್ಟದ ಹೋತಗಳು ಪರಿಗಳೆಂಬ ಕಿನ್ನರಿಯರ ಮೇಕೆಗಳು, ಅವುಗಳನ್ನು ಕಾಯಲು ಅವರು ಏನು ಬೇಕಾದರೂ ವೇಷ ಹಾಕುತ್ತಾರೆ ಎಂದು ಅಲ್ಲಿ ಎಲ್ಲರೂ ನಂಬುತ್ತಾರೆ.

"ಪರಿಗಳಿಗೆ ನಾನು ಟೋಪಿ ಹೆಣೆದಿಲ್ಲ," ಎಂದಳು ತಾಯಿ. "ಅಳತೆ ಕೇಳೋಕೆ ಕೂತಿದಾರೆ ಅವರು. ಅಂಕಿ ಇದೆಯಲ್ಲ ನಿಮ್ಮ ಹತ್ರ? ಹೋಗಿ ಕರ್ಕೊಂಡು ಬನ್ನಿ."

ಮಾತು ಸುಲಭ. ಮೊಣಕೈ ಬಂಡೆಯಿಂದ ನೋಡಿದರೆ ಆ ಇಳಿಜಾರಿನಲ್ಲಿ ಎಲ್ಲ ಕಲ್ಲುಗಳೂ ಒಂದೇ ತಾಯಿಯ ಮಕ್ಕಳು, ಮೇಲೆ ಹೊಸ ಹಿಮದ ತೆಳು ಹೊದಿಕೆ ಬೇರೆ. ಅಲ್ಲಿಗೇ ಹೋಗಿ ನಿಂತರೆ ಏನೂ ಗೊತ್ತಾಗುವುದಿಲ್ಲ. ದಾರಿ ಒಂದೇ. ಒಬ್ಬ ಈಚೆ ಮಲಗಿ ದುರ್ಬೀನು ಹಿಡಿಯಬೇಕು. ಇನ್ನೊಬ್ಬ ಆಚೆ ಇಳಿಜಾರಿನಲ್ಲಿ, ಆವತ್ತು ಹೋತದ ಹಿಂದೆ ಕಂಡಿದ್ದ ಬಂಡೆಗೋಡೆಯ ಕಪ್ಪು ಪಟ್ಟಿಯ ನೇರಕ್ಕೆ ನಡೆಯಬೇಕು. ನಡೆಯುವವನ ಮೇಲೆ ಚುಕ್ಕೆ ಇಟ್ಟು ಒತ್ತುತ್ತಾ ಹೋಗಿ, ಅಂಕಿ ಆರುನೂರ ಹನ್ನೆರಡಾದಾಗ ನಿಲ್ಲು ಎಂದು ಸನ್ನೆ ಮಾಡಬೇಕು.

ಅಂದರೆ, ಬದುಕಿರುವವನನ್ನು ಅಳೆಯಬೇಕು.

"ನಾನು ನಡೀತೀನಿ," ಎಂದ ಇನಾಯತ್. "ನಮ್ಮಪ್ಪ."

"ಬಾಯ್ಮುಚ್ಚು. ನಿನ್ನನ್ನ ಅಳೆದೆ ಅಂತ ಇಷ್ಟು ದಿನ ಬೆಂದಿದೀನಿ, ಈಗ ಬೇಕೂಂತ ಅಳೀಲಾ?" ತೋಯ್ಗುನ್ ದುರ್ಬೀನನ್ನು ಕೊರಳಿಂದ ತೆಗೆದು ಅವನ ಕೊರಳಿಗೆ ಹಾಕಿದ. "ಆವತ್ತು ಆ ಇಳಿಜಾರಿಗೆ ಹೋಗೋ ಸರದಿ ನಂದಿತ್ತು. ಈಗ ಹೋಗ್ತೀನಿ. ನೀನು ಒತ್ತು."

"ಮಾವ, ನನ್ನ ಕೈಯಲ್ಲಿ ಆಗಲ್ಲ."

"ಆಗುತ್ತೆ. ಉಸಿರು ಬಿಗಿಹಿಡಿ. ಅಂಕಿ ತಪ್ಪಿದ್ರೆ ಮಾತ್ರ ನಿನ್ನ ಬಿಡಲ್ಲ."

ಟೋಪಿಯನ್ನು ಅವಸರದಲ್ಲಿ ಹೆಣೆದು ಮುಗಿಸಿ ಗುಲ್‌ಸಂಬರ್ ಮಗನ ತಲೆಗೆ ಹಾಕಿ ಕಳಿಸಿದಳು. ಅದನ್ನು ತೆಗೆದು ಮೇಲೆತ್ತಿದರೆ, ನಿಲ್ಲು ಎಂದರ್ಥ.

ಮೊಣಕೈ ಬಂಡೆಯಲ್ಲಿ ಅಳಿಯನನ್ನು ಬಿಟ್ಟು ತೋಯ್ಗುನ್ ಒಬ್ಬನೇ ಕಣಿವೆಗೆ ಇಳಿದ. ಬೆಳಕು ಕಣ್ಣು ಮಿಟುಕಿಸುವುದರೊಳಗೆ ಹೋಗಿಬರುವ ದೂರಕ್ಕೆ ಮನುಷ್ಯನಿಗೆ ಅರ್ಧ ದಿನ ಬೇಕು. ಹೊಳೆಯ ಮಂಜುಗಡ್ಡೆ ಕಾಲ ಕೆಳಗೆ ಮುಲುಕಿತು. ಆಚೆ ಹತ್ತತೊಡಗಿದಾಗ ಸುಟ್ಟ ಜುನಿಪರ್ ಸೊಪ್ಪಿನ ವಾಸನೆ ಬಂತು; ಸತ್ತವರ ಮನೆಯಲ್ಲಿ ಹಾಕುವ ಹೊಗೆಯ ವಾಸನೆ. ಸುತ್ತ ಒಂದು ಗಿಡವಿಲ್ಲ, ಎಲ್ಲೂ ಹೊಗೆಯಿಲ್ಲ. ಮೇಲೆ ಅಂಚಿನಲ್ಲಿ ಹೋತಗಳು ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದವು. ಇಷ್ಟು ಹತ್ತಿರ ಮನುಷ್ಯ ಬಂದರೂ ಓಡಲಿಲ್ಲ. ಅವನ ಜೀವಮಾನದಲ್ಲಿ ಹೋತ ಹಾಗೆ ನಿಂತದ್ದನ್ನು ಅವನು ನೋಡಿರಲಿಲ್ಲ.

ಬೆನ್ನ ಮೇಲೆ ಚುಕ್ಕೆ ಬಿದ್ದ ಹಾಗೆ ಅನ್ನಿಸಿತು. ಲೇಸರಿನ ಚುಕ್ಕೆ ಮೈಗೆ ತಾಕುವುದಿಲ್ಲ, ಹೊರಗೆ ಕಾಣುವುದೂ ಇಲ್ಲ. ಇದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಎರಡು ಹೆಗಲುಗಳ ನಡುವೆ ಯಾರೋ ಬೆರಳಿಟ್ಟ ಹಾಗೆ ತಣ್ಣಗೆ ಕೊರೆಯಿತು. ತನ್ನ ಗುಂಡಿಯನ್ನು ಎಲ್ಲಿ ತೋಡುತ್ತಾರೆ, ಗೋರಿಗಳ ನಡುವಿನ ಜರದಾಳು ಮರದ ಬಳಿ ಜಾಗ ಉಳಿದಿದೆಯೇ ಎಂದು ಯೋಚಿಸುತ್ತಾ ಹತ್ತಿದ. ಹೆದರಿಕೆಯಾಗಿತ್ತು, ಬಹಳ ಹೆದರಿಕೆಯಾಗಿತ್ತು.

ಕಪ್ಪು ಪಟ್ಟಿಯ ನೇರಕ್ಕೆ ಇನ್ನೂ ಸಾಕಷ್ಟು ದಾರಿಯಿತ್ತು. ಉಬ್ಬೊಂದರ ಮರೆಯಿಂದ ಹೊರಬಂದು ಹಿಂತಿರುಗಿ ನೋಡಿದರೆ, ಕಣಿವೆಯಾಚೆ ಕೆಂಪು ಚುಕ್ಕೆಯೊಂದು ಆಗಲೇ ಮೇಲೆದ್ದು ಆಡುತ್ತಿತ್ತು.

"ಹುಚ್ಚು ಮುಂಡೇದು, ಇನ್ನೂ ಬಂದೇ ಇಲ್ಲ ನಾನು!" ಎಂದು ಗೊಣಗಿಕೊಂಡು ಮುಂದೆ ಹತ್ತಿದ. ಟೋಪಿ ಇಳಿಯಲಿಲ್ಲ. ಪಟ್ಟಿಯ ನೇರಕ್ಕೆ ಬಂದಾಗ ಎದುರಿಗೇ ಒಂದು ಮೊಟುಕು ಬಂಡೆ, ಅದರ ಕೆಳಗೆ ಹಳೆಯ ಹಿಮ ಕುಸಿದು ಬಾಯಿ ತೆರೆದಿದ್ದ ಪೊಟರೆ. ಒಂಬತ್ತು ವರ್ಷ ಮುಚ್ಚಿಕೊಂಡಿದ್ದದ್ದು ಈ ವರ್ಷ ತೆರೆದಿತ್ತು. ಬಗ್ಗಿ ನೋಡಿದ. ಮೊದಲು ಕಂಡದ್ದು ಕೆಂಪು ಉಣ್ಣೆ.

ದೋದಿಖುದೋ ಬಂಡೆಗೆ ಒರಗಿ ಕೂತಿದ್ದ. ಹಿಮ ಅವನನ್ನು ಹೊಳೆಗೆ ಒಯ್ದಿರಲೇ ಇಲ್ಲ, ತಲೆಯ ಮೇಲಿನಿಂದ ಹಾದುಹೋಗಿತ್ತು. ಕೈಗಳು ಮಂಡಿಯ ಮೇಲಿದ್ದವು. ಬಹಳ ಹೊತ್ತು ಕಾದು ನಿದ್ದೆಹೋದವನ ಮುಖ. "ಭಾವ," ಎಂದ ತೋಯ್ಗುನ್, "ಬಂದೆ." ಟೋಪಿಯ ಮೇಲಿನ ಹಿಮ ಒರೆಸಿದ.

ಮರುದಿನ ಊರವರೆಲ್ಲ ಹೋಗಿ ಯಾಕ್ ಮೇಲೆ ಕಟ್ಟಿ ತಂದರು. ಶಾಸ್ತ್ರದ ಪ್ರಕಾರ ಗಂಡಸರೇ ಅಳೆಯಬೇಕು. ಗುಲ್‌ಸಂಬರ್ ಕಂಬದ ಸಂದಿಯಿಂದ ಉಂಡೆ ತೆಗೆದು ಬಂದಾಗ ಯಾರೂ ತಡೆಯಲಿಲ್ಲ. ಕೂತೇ ಹೆಪ್ಪುಗಟ್ಟಿದವನನ್ನು ನೀಳಕ್ಕೆ ಅಳೆಯುವುದು ಹೇಗೆ? ಅವಳು ನೆತ್ತಿಯಿಂದ ಸೊಂಟಕ್ಕೆ ದಾರ ಹಿಡಿದಳು, ಸೊಂಟದಿಂದ ಮಂಡಿಗೆ ಹಿಡಿದಳು, ಮಂಡಿಯಿಂದ ಹಿಮ್ಮಡಿಗೆ ಹಿಡಿದಳು, ತುಂಡು ಮಾಡದೆ. "ಇಷ್ಟು ಎತ್ತರ ಇದ್ರಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ಮರೆತೇ ಹೋಗಿತ್ತು."

ಮಣ್ಣಾಯಿತು. ಊರಿನ ಧರ್ಮಗುರು ಖಲೀಫ ಪ್ರಾರ್ಥನೆ ಹೇಳಿದರು, ಸತ್ತವನಿಗೆ ದೀಪ ಬೆಳಗುವ ಶಾಸ್ತ್ರವೂ ಮುಗಿಯಿತು. ತೋಯ್ಗುನ್ ಮಾತ್ರ ಸುಧಾರಿಸಲಿಲ್ಲ. ತನ್ನ ನಂತರ ಯಾಕ್ ಯಾರಿಗೆ, ಹೊಲದ ತುಂಡು ಯಾರಿಗೆ ಎಂದು ಹೆಂಡತಿಯ ಜೊತೆ ಜಗಳ ತೆಗೆದ. ಜರದಾಳು ಮರದ ಬಳಿ ಹೋಗಿ ನೆಲ ಒದ್ದು ನೋಡಿ ಬಂದ. ಒಂದು ಸಂಜೆ ಅಕ್ಕನ ಒಲೆಯ ಬಳಿ ಕೂತು ದುರ್ಬೀನನ್ನು ಇನಾಯತ್ ಕೈಗೆ ಕೊಟ್ಟ.

"ಇಟ್ಕೊ. ಇನ್ನು ನಿಂದೇ ಇದು."

"ಯಾಕೆ ಮಾವ? ನಿಂಗೇನಾಗಿದೆ?"

"ಅಳೆದಿದೀಯಲ್ಲೋ ನನ್ನನ್ನ. ಇನ್ನೆಷ್ಟು ದಿನ?"

"ಒಂದೇ ಸಲ ಮಾವ ಒತ್ತಿದ್ದು," ಎಂದ ಇನಾಯತ್. "ಎರಡನೇ ಸಲ ಒತ್ತೋಕೆ ಧೈರ್ಯ ಬರ್ಲಿಲ್ಲ. ಹತ್ತುವಾಗ ನೀನು ಉಬ್ಬಿನ ಮರೇಲಿ ಕಾಣದಂಗೆ ಹೋಗಿದ್ದೆ. ಆಮೇಲೆ ನೋಡಿದ್ರೆ ಪಟ್ಟಿ ಕೆಳಗೆ ನೀನು ಸುಸ್ತಾಗಿ ಕೂತಿದ್ದೆ, ಸರಿಯಾಗಿ ಆರುನೂರ ಹನ್ನೆರಡು ಬಂತು. ದುರ್ಬೀನು ಕೆಳಗಿಟ್ಟು ಟೋಪಿ ಎತ್ತಿಬಿಟ್ಟೆ."

"ನಾನು ಕೂತಿದ್ನಾ?"

"ಹೂಂ. ಬಂಡೆಗೆ ಒರಗಿ. ಮಂಡಿ ಮೇಲೆ ಕೈ ಇಟ್ಕೊಂಡು."

ಒಲೆಯಲ್ಲಿ ಸೌದೆ ಚಟಪಟ ಎಂದಿತು. ತೋಯ್ಗುನ್ ಅಳಿಯನ ಕಡೆ ತಿರುಗಿದ.

"ನಾನು ಕೂತೇ ಇಲ್ಲ ಕಣೋ," ಎಂದ. "ನೀನು ಟೋಪಿ ಎತ್ತಿದಾಗ ನಾನಿನ್ನೂ ಕೆಳಗಿದ್ದೆ. ಎಲ್ಲೂ ಕೂತಿಲ್ಲ ನಾನು."

ಇನಾಯತ್ ಕೈಯಲ್ಲಿದ್ದ ದುರ್ಬೀನನ್ನು ಹಾವು ಕಂಡವನಂತೆ ನೆಲಕ್ಕಿಟ್ಟ. ಗುಲ್‌ಸಂಬರ್ ಮಾತ್ರ ಬೆಚ್ಚಲಿಲ್ಲ. ಬಟ್ಟಲಿಗೆ ಚಹಾ ಸುರಿದು ತಮ್ಮನ ಮುಂದಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯ ಮೇಲೆ ನಗುವಿನಂಥದೇನೋ ಇತ್ತು.

"ಅವರು ಯಾವಾಗ್ಲೂ ಹಾಗೇ ಅಲ್ವೇನೋ," ಎಂದಳು. "ಇನ್ನೊಬ್ಬರ ಸರದಿಗೆ ತಾವು ಎದ್ದು ಹೋಗೋರು."

ತೋಯ್ಗುನ್ ಷಾ ಮುಖ ಮುಚ್ಚಿಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತ. ಅಕ್ಕ ಸುರಿದಿಟ್ಟ ಚಹಾ ಅವನ ಮುಂದೆ ಆರಿಹೋಯಿತು.